ಕೆರೆ ಏರಿಯ ಗೆರೆ

೧೧ ನವೆಂಬರ್ ೨೦೨೪, ಸೋಮವಾರ

ಇಂದು ಬೆಳಗಿನಿಂದ ಊಟದ ಹೊತ್ತಿನವರೆಗೆ ತೇರಗಾಂವದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದೆ. ಕೂತು ನೋಡುವುದೇ ಕೆಲಸ. ಯಾರು ಬಂದರು, ಎಲ್ಲಿ ನಿಂತರು, ಎಲ್ಲಿ ಕೂತರು, ಯಾವ ಓಣಿಯಿಂದ ಬಂದು ಯಾವ ಓಣಿಗೆ ಹೋದರು. ಬಸ್ಸಿಗೆಂದು ಬಂದ ಗಂಡಸರೂ ಕೂತರು, ಬಸ್ಸಿನ ಗೊಡವೆಯೇ ಇಲ್ಲದವರೂ ಕೂತರು. ಹೆಂಗಸರು ಚೀಲ ಹಿಡಿದು ಹಿಂದಿನ ಗೋಡೆಗೆ ಒತ್ತಿ ನಿಂತರು. ಕಟ್ಟೆ ಅರ್ಧ ಖಾಲಿ ಇತ್ತು. ಕೂಡಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಪಕ್ಕದ ಅಜ್ಜ ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿದ.

"ಯಾವೂರು ತಂಗಿ? ಬಸ್ ತಪ್ಪಿತೇನು?"

"ದಾಂಡೇಲಿ ರೀ ಅಜ್ಜಾರ. ಬಸ್ ತಪ್ಪಿಲ್ಲ. ಸುಮ್ನ ನೋಡಾಕ ಬಂದೇನಿ."

"ಏನ ನೋಡಾಕ?"

"ಯಾರ ಎಲ್ಲಿ ಕುಂಡರ್ತಾರ ಅಂತ."

ಅಜ್ಜ ಸ್ವಲ್ಪ ಯೋಚಿಸಿ, ಎದ್ದು, ಕಟ್ಟೆಯ ಆ ತುದಿಗೆ ಹೋಗಿ ಕೂತ. ಅದನ್ನೂ ಬರೆದುಕೊಂಡೆ.

ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಭೂಗೋಳ ಕಲಿಸುತ್ತ ಇಷ್ಟು ವರ್ಷ ನದಿ, ಮಣ್ಣು, ಮಳೆಯ ನಕ್ಷೆ ಬಿಡಿಸಿದ್ದಾಯಿತು. ಈಗ ಪಿಎಚ್‌ಡಿಗೆ ಹಿಡಿದ ವಿಷಯ ಬೇರೆ. ಒಂದೇ ಊರಿನ ಗಂಡಸು, ಹೆಂಗಸು ನಿಜಕ್ಕೂ ಒಂದೇ ಊರಿನಲ್ಲಿ ಬದುಕುತ್ತಾರೆಯೇ? ಅವರ ಜೊತೆ ನಡೆದು, ಅವರು ಹೋಗುವ ದಾರಿ, ಹೋಗದ ದಾರಿ, ಸುತ್ತು ಹಾಕುವ ದಾರಿ ಗುರುತಿಸಬೇಕು. ಮೂರು ಊರು ಆರಿಸಿದ್ದೇನೆ: ಇಲ್ಲಿ ತೇರಗಾಂವ, ಮುಂಡಗೋಡ ಕಡೆ ಅತ್ತಿವೇರಿ, ಜೋಯಿಡಾ ಕಡೆ ಸೂಪಾ ಹಿನ್ನೀರಿನ ಅಂಚಿನ ಒಂದು ಹಳ್ಳಿ. "ನಕ್ಷಿ ಕಾಲಿನಿಂದ ಬರಬೇಕು ನೋಡ್ರಿ, ಕುರ್ಚಿಯಿಂದಲ್ಲ" ಎಂದು ಧಾರವಾಡದಲ್ಲಿರುವ ನನ್ನ ಗೈಡ್ ಹೇಳುತ್ತಾರೆ. ನನಗೆ ಬೇಕಾದದ್ದೂ ಅದೇ.

ಬರುವಾಗ ಹಳಿಯಾಳದಲ್ಲಿ ಸ್ಕೂಟಿ ನಿಲ್ಲಿಸಿ ಗಿರಮಿಟ್ಟು ತಿಂದೆ, ಒಬ್ಬಳೇ, ಸಾವಕಾಶವಾಗಿ. ಮನೆ ಮುಟ್ಟಿದಾಗ ಕತ್ತಲಾಗಿತ್ತು. ಗಂಡ ಮಲ್ಲೇಶ ಕಾಗದದ ಗಿರಣಿಯ ಪಾಳಿ ಮುಗಿಸಿ ಬಂದು ಅನ್ನಕ್ಕಿಟ್ಟಿದ್ದ. ಅತ್ತೆ ಟೀವಿಯಿಂದ ಕಣ್ಣು ತೆಗೆಯದೆ, "ಮುಗೀತೇನವ್ವಾ ಅಡ್ಡಾಡೂದು?" ಎಂದರು. ಈಗ ಸುರು ಎಂದೆ. ನಕ್ಕರು.

೨೩ ನವೆಂಬರ್, ಶನಿವಾರ

ತೇರಗಾಂವದಲ್ಲಿ ಪರಿಚಯವಾದ ಶಂಕ್ರವ್ವನ ಅಂಗಳದಲ್ಲಿ ಹೆಂಗಸರನ್ನು ಕೂಡಿಸಿ ರಂಗೋಲಿ ಪುಡಿ ಕೊಟ್ಟು, "ನಿಮ್ಮೂರ ಬಿಡಸ್ರಿ" ಎಂದೆ. ನಮಗ ಬರೂದಿಲ್ರಿ ಎಂದು ಸೆರಗು ಬಾಯಿಗೆ ಹಿಡಿದು ನಕ್ಕವರು, ಒಮ್ಮೆ ಕೂತ ಮೇಲೆ ಏಳಲೇ ಇಲ್ಲ.

ಹೋದ ವಾರ ಗಂಡಸರು ಹಾಲಿನ ಸಂಘದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿದ್ದು ಬೇರೆಯೇ ಊರು. ಅದರಲ್ಲಿ ಮೊದಲು ಹಳಿಯಾಳದ ಡಾಂಬರು ರಸ್ತೆ, ಆಮೇಲೆ ಬ್ಯಾಂಕು, ಗುಡಿ, ಚಹಾದಂಗಡಿ, ಹೊಲ. ಇವರ ಊರಲ್ಲಿ ಡಾಂಬರು ರಸ್ತೆಯೇ ಇಲ್ಲ. ನಲ್ಲಿ ಇದೆ, ಹಿಟ್ಟಿನ ಗಿರಣಿ ಇದೆ, ಬಾಣಂತಿ ಇರುವ ಮನೆ ಇದೆ, ಕುಡಿದವರು ಕೂಡುವ ಮೂಲೆ ಇದೆ, ಅದನ್ನು ತಪ್ಪಿಸಿ ಸುತ್ತಿ ಹೋಗುವ ಸಂದಿ ಇದೆ. ಶಂಕ್ರವ್ವ ತನ್ನ ಅಡುಗೆಮನೆಯನ್ನು ಕಣದಷ್ಟು ದೊಡ್ಡದಾಗಿ ಬಿಡಿಸಿ, ಉಳಿದ ಊರನ್ನೆಲ್ಲ ಅದರ ಅಂಚಿಗೆ ತುರುಕಿದಳು. "ಇಷ್ಟ ನೋಡ್ರಿ ಮೇಡಂ. ಉಳದದ್ದು ಇವರಪ್ಪಂದು" ಎಂದು ಗಂಡ ದ್ಯಾಮಪ್ಪನ ಕಡೆ ಗದ್ದ ತೋರಿಸಿದಳು. ದ್ಯಾಮಪ್ಪ ದನ ಕಟ್ಟುತ್ತಿದ್ದ. ಕೇಳಿಸಲಿಲ್ಲವೋ ಏನೋ.

ಸೊಸೆ ಜ್ಯೋತಿಯದು ವಿಚಿತ್ರ. ಮದುವೆಯಾಗಿ ಬಂದು ಎರಡು ವರ್ಷವಾದ ಹುಡುಗಿ, ಪಿಯುಸಿ ಆಗಿದೆ. ಮನೆ ಚುಕ್ಕಿಯಷ್ಟು, ಕೆರೆ ಮಾತ್ರ ಅಂಗಳದ ತುಂಬ.

"ಇಷ್ಟ ದೊಡ್ಡದೈತೇನು ನಿಮ್ಮ ಕೆರಿ?"

"ನನಗ ಹಂಗ ಕಾಣತೈತ್ರಿ ಅಕ್ಕಾರ."

ನಾನು ಫೋಟೋ ತೆಗೆಯುವುದರೊಳಗೆ ಶಂಕ್ರವ್ವ ಬಂದು, ಕೋಳಿ ಓಡಿಸುವವಳ ಹಾಗೆ ಮಾಡಿ ಕಾಲಿನಿಂದ ಕೆರೆ ಅಳಿಸಿಬಿಟ್ಟಳು.

೫ ಡಿಸೆಂಬರ್, ಗುರುವಾರ

ನಸುಕಿನ ನಡಿಗೆ ನೋಡಬೇಕಾದರೆ ನಸುಕಿಗೆ ಅಲ್ಲಿರಬೇಕು. ನಿನ್ನೆ ಶಂಕ್ರವ್ವನ ಮನೆಯಲ್ಲೇ ಉಳಿದೆ. ಮಲ್ಲೇಶನಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ, ಅಷ್ಟೇ. ಶಂಕ್ರವ್ವ ತನ್ನ ಕೌದಿ ನನಗೆ ಕೊಟ್ಟು ತಾನು ಬರೀ ಚಾದರ ಹೊದ್ದಳು. ಬೇಡ ಎಂದರೆ, "ಬೇಕಾದಷ್ಟ ದಿನಾ ಇರ್ರಿ, ಮನಿ ಏನ ಹೊತಗೊಂಡ ಹೋಗತೀರೇನು" ಎಂದಳು.

ಸುಗ್ಗಿಯಾದ್ದರಿಂದ ದ್ಯಾಮಪ್ಪ ಭತ್ತದ ಕಣದಲ್ಲೇ ಮಲಗುತ್ತಾನೆ. ಮಗ ಬಾಳೇಶ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸಲು ಕೋಳಿ ಕೂಗುವ ಮುಂಚೆಯೇ ಹೋಗುತ್ತಾನೆ. ಅವನ ಟ್ರ್ಯಾಕ್ಟರಿನ ಸದ್ದು ಅಡಗಿದ ಮೇಲೆ ಜ್ಯೋತಿ ಕೊಡ ಹಿಡಿದು ಹೊರಟಳು. ನಾನು ಫೋನಿನಲ್ಲಿ ದಾರಿ ದಾಖಲಿಸುತ್ತ ಬೆನ್ನು ಹತ್ತಿದೆ. ನಲ್ಲಿ ದಾಟಿದಳು. ಬೋರ್‌ವೆಲ್ ದಾಟಿದಳು. ಕೆರೆ ಏರಿಗೆ ಬಂದು ಕೊಡ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಅಕ್ಕಾರ, ನೀವು ಹೆಂಗಿದ್ರೂ ತಿಳಕೊಳ್ಳೂವರ. ಯಾರ ಮುಂದೂ ಹೇಳಬ್ಯಾಡ್ರಿ."

ಸೀರೆ ಬಿಚ್ಚಿ ಮಡಚಿ ಕೊಡದ ಮೇಲಿಟ್ಟಳು. ಒಳಗೆ ಗಂಡನ ಹಳೆಯ ಟ್ರ್ಯಾಕ್ ಪ್ಯಾಂಟು, ತೋಳಿನ ಕುಪ್ಪಸ. ಆಮೇಲೆ ಓಡಿದಳು. ಏರಿಯ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಇಲ್ಲಿಗೆ. ಮಂಜು ಇತ್ತು. ಹೋಗುವಾಗ ಕಾಣದಾಗುತ್ತಿದ್ದಳು, ಬರುವಾಗ ಮೊದಲು ಉಸಿರು ಕೇಳುತ್ತಿತ್ತು, ಆಮೇಲೆ ಅವಳು.

ಅರಣ್ಯ ಇಲಾಖೆಯ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಅಂಕಗಳು ಚೆನ್ನಾಗಿವೆ. ಓಟದಲ್ಲಿ ಪಾಸಾಗಬೇಕು. ಇದು ಗೊತ್ತಿರುವುದು ಅತ್ತೆ ಶಂಕ್ರವ್ವನೊಬ್ಬಳಿಗೇ.

"ನಾ ಬರೂತನಾ ಅತ್ತಿ ರೊಟ್ಟಿ ಬಡೀತಾಳ್ರಿ. ರೊಟ್ಟಿ ಸಪ್ಪಳ ಕೇಳಿದ್ರ ಓಣಿ ಮಂದಿ ಸೊಸಿ ಒಲಿ ಮುಂದ ಅದಾಳ ಅಂತ ತಿಳೀತಾರ."

ನನ್ನ ಫೋನಿನಲ್ಲಿ ನಡೆದ ದಾರಿಯನ್ನು ಗೆರೆಯಾಗಿ ತೋರಿಸುವ ಆ್ಯಪ್ ಇದೆಯೆಂದು ಗೊತ್ತಾದ ಮೇಲೆ, ತಾನು ಎಷ್ಟು ದೂರ ಓಡುತ್ತೇನೆ ನೋಡಬೇಕು ಎಂದು ಮಗುವಿನ ಹಾಗೆ ಕೇಳಿದಳು. ಸೊಂಟಕ್ಕೆ ಸಿಕ್ಕಿಸಿ ಕಳಿಸಿದೆ. ಹೊಳ್ಳಿ ಬಂದು ಆ ಗೆರೆಯನ್ನು ನೋಡುತ್ತ ನಿಂತಳು.

"ಇಷ್ಟೂ ನಾನ ಓಡೇನೇನ್ರಿ?"

"ನೀನ."

"ಇದನ್ನ ಪುಸ್ತಕದಾಗ ಹಾಕತೀರೇನು?"

"ಹೆಸರ ಬರೂದಿಲ್ಲ. ಬರೇ ಗೆರಿ ಬರತೈತಿ."

ಇಂಥ ಒಂದು ಬೆಳಗು ಸಿಕ್ಕರೆ ವರ್ಷವಿಡೀ ಮಾಡಿದ ಕೆಲಸ ಸಾರ್ಥಕ. ದಾರಿಯುದ್ದಕ್ಕೂ ಸ್ಕೂಟಿಯ ಮೇಲೆ ಹಾಡುತ್ತ ಬಂದೆ.

೧೭ ಡಿಸೆಂಬರ್, ಮಂಗಳವಾರ

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಎಲುಬು ಮುರಿದಿದೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದೇವೆ. ನಾಳೆ ಆಪರೇಷನ್. "ನಿನ್ನ ಕಾಲೇಜ ತಪ್ಪಿತಲ್ಲ" ಎಂದು ನೋವಿನಲ್ಲೂ ಅದನ್ನೇ ಹೇಳುತ್ತಾರೆ.

೩೦ ಡಿಸೆಂಬರ್, ಸೋಮವಾರ

ಮನೆಗೆ ಕರೆತಂದೆವು. ಏಳುವಂತಿಲ್ಲ, ಮಗ್ಗುಲಾಗುವಾಗಲೂ ಹಿಡಿಯಬೇಕು. ಮೈ ಒರೆಸುವುದು, ಪಾತ್ರೆ ಇಡುವುದು, ಗುಳಿಗೆ, ಗಂಜಿ. ನಮ್ಮತ್ತೆ ಗುರುಬಸವ್ವ ಎಂದರೆ ಓಣಿಯೇ ಹೆದರುತ್ತಿದ್ದ ಹೆಂಗಸು. ಈಗ ನೀರು ಬೇಕಾದರೂ ನನ್ನ ಮುಖ ನೋಡುತ್ತಾರೆ.

ಮಲ್ಲೇಶ ಹೇಳಿದ, "ಒಬ್ಬಾಕಿ ಆಯಾನ್ನ ಇಡೂಣು. ನಿನ್ನ ಕೆಲಸಾ ನಿಲ್ಲಸಬ್ಯಾಡ." ಅತ್ತೆಯೂ ಅದನ್ನೇ ಅಂದರು. ನಾನೇ ಬೇಡ ಎಂದೆ. ಆಸ್ಪತ್ರೆಯಲ್ಲಿ ಅವರ ತಂಗಿ ಹೊಳೆವ್ವ ಎಲ್ಲರೆದುರು, "ಸೊಸಿ ಇದ್ದೂ ನಮ್ಮಕ್ಕ ಪರರ ಕೈಲೆ ಮೈ ತೊಳಿಸಿಕೊಳ್ಳೂಹಂಗ ಆಗಬಾರದವ್ವಾ" ಎಂದಿದ್ದರು. ಅದಕ್ಕಾಗಿ ಅಲ್ಲ. ನನಗೇ ಸರಿ ಕಾಣಲಿಲ್ಲ.

ಅತ್ತಿವೇರಿಯನ್ನು ಕೈಬಿಟ್ಟೆ. ಮುಂಡಗೋಡಕ್ಕೆ ಹೋಗಿ ಬರುವುದೆಂದರೆ ಇಡೀ ದಿನ. ಎರಡು ಊರಾದರೂ ಪ್ರಬಂಧಕ್ಕೆ ಸಾಕು. ಗೈಡ್‌ಗೆ ಹೇಳಿದೆ. ನಿಮ್ಮ ಅನುಕೂಲ ಎಂದರು.

೧೨ ಜನವರಿ ೨೦೨೫, ಭಾನುವಾರ

ಅತ್ತೆಗೆ ನಿದ್ದೆ ಹತ್ತಿದ ಮೇಲೆ ಬರೆಯುತ್ತಿದ್ದೇನೆ.

ಯಾರ ಊರನ್ನು ನಕ್ಷೆ ಮಾಡಿದ್ದೇವೋ ಅವರಿಗೆ ಮೊದಲು ತೋರಿಸಿ ಸರಿ ತಪ್ಪು ಕೇಳಬೇಕು. ಇದು ನಿಯಮ. ತೇರಗಾಂವದ ಶಾಲೆಯ ಕೋಣೆಯಲ್ಲಿ ಇಂದು ತೋರಿಸಿದೆ. ನಕ್ಷೆ ಮಾಡಿದ್ದು ಮಾತ್ರ ಅತ್ತೆಯ ಮಂಚದ ಪಕ್ಕ ಕೂತು, ಎದ್ದು, ಮತ್ತೆ ಕೂತು. ಹೆಸರುಗಳನ್ನು ತೆಗೆದಿದ್ದೆ. ಗೆರೆ ಯಾವ ಮನೆಯಿಂದ ಹೊರಟಿತೆಂದು ತಿಳಿಯದಂತೆ ತುದಿಗಳನ್ನೂ ಅಳಿಸಬೇಕಿತ್ತು. ಅದು ತಲೆಯಿಂದಲೇ ಹೋಗಿತ್ತು. ಬೆಳಿಗ್ಗೆ ಅವಸರದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಓಡಿದೆ.

ಮೊದಲು ಎಲ್ಲ ಚೆಂದ ನಡೆಯಿತು. ಗಂಡಸರು ತಮ್ಮ ಹೊಲ ಹುಡುಕಿದರು. ಹೆಂಗಸರು ಹಿಂದೆ ಗೋಡೆಗೆ ಕೂತಿದ್ದರು. ದ್ಯಾಮಪ್ಪ ಕನ್ನಡಕ ಏರಿಸಿ ಹತ್ತಿರ ಬಂದ.

"ಇದ ಬಸವಣ್ಣನ ಗುಡಿ. ಇದರ ಹಿಂದ ನಮ್ಮನಿ. ಇಲ್ಲಿಂದ ಕೆಂಪ ಗೆರಿ ಹೊಂಟೈತಲ್ರಿ... ಕೆರಿ ಏರಿ ಮ್ಯಾಲ ಹೋಗಿ ಹೊಳ್ಳಿ, ಹೋಗಿ ಹೊಳ್ಳಿ. ಇದ್ಯಾಕ್ರಿ ಮೇಡಂ, ಇಷ್ಟ ದಪ್ಪ ಆಗೇತಿ?"

"ಹೊಲಕ್ಕ ರಂಟಿ ಹೊಡದ್ಹಂಗ ಕಾಣತೈತಲ್ಲೋ ಮಾವಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ದ್ಯಾಮಪ್ಪನೂ ನಕ್ಕ.

ಬಾಳೇಶ ನಗಲಿಲ್ಲ. "ಇದ ಯಾವ ಹೊತ್ತಿಂದ್ರಿ?" ಎಂದ.

ನಕ್ಷೆಯ ಮೂಲೆಯಲ್ಲಿ 'ಹೆಂಗಸರ ನಸುಕಿನ ನಡಿಗೆ' ಎಂದು ದಪ್ಪಕ್ಷರದಲ್ಲಿ ನಾನೇ ಬರೆದಿದ್ದೆ. ಅವನು ಓದಿಕೊಂಡ. ಮಷೀನಿನ ತಪ್ಪಿರಬಹುದು, ಸಿಗ್ನಲ್ ಸರಿ ಇರಲಿಲ್ಲ ಎಂದು ಏನೇನೋ ಅಂದೆ. ನನ್ನ ದನಿ ನನಗೇ ಸುಳ್ಳಾಗಿ ಕೇಳಿಸಿತು. ಗೋಡೆಯ ಕಡೆ ನೋಡಿದೆ. ಶಂಕ್ರವ್ವ ನೆಲ ನೋಡುತ್ತಿದ್ದಳು. ಜ್ಯೋತಿ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ನಾನು ಇನ್ನೇನು ಹೇಳಿಬಿಡುತ್ತೇನೋ ಎಂಬ ಭಯ ಇತ್ತು.

ನಕ್ಷೆ ಸುತ್ತಿಕೊಂಡು ಬಂದೆ. ಅತ್ತೆ ಹಾಸಿಗೆ ಒದ್ದೆ ಮಾಡಿಕೊಂಡು ಸುಮ್ಮನೆ ಮಲಗಿದ್ದರು. ಮಲ್ಲೇಶ ಇದ್ದರೂ ಕರೆದಿರಲಿಲ್ಲ. ಮಗನಿಗೆ ಹೇಳಲು ನಾಚಿಕೆ. ಇನ್ನು ಮೇಲೆ ಇಷ್ಟು ಹೊತ್ತು ಹೊರಗಿರಬಾರದು.

೧೯ ಜನವರಿ, ಭಾನುವಾರ

ಶಂಕ್ರವ್ವನ ಫೋನು. ದನಿ ತಗ್ಗಿಸಿ ಮಾತಾಡಿದಳು.

"ಏರಿ ಮ್ಯಾಲ ಯಾರನ್ನ ಕಾಣಾಕ ಹೋಗತಿದ್ದಿ ಅಂತ ಕೇಳಿದಾ ರೀ ಬಾಳೇಶ. ಓಡಾಕ ಹೋಗತಿದ್ದೆ ಅಂದ್ಲು. ಓಡಿ ಹೋಗಾಕೇನು ಅಂದ. ಕೈ ಎತ್ತಿದಾ. ನಾ ನಡಬರಕ ಹೋದ್ನಿ, ನನಗೂ ಒಂದ ಬಿತ್ತು."

"ನಾ ಬಂದ ಹೇಳಲೇನ್ರಿ?"

"ಏನ ಹೇಳತೀರಿ ಮೇಡಂ?" ಎಂದಳು. ಕುಹಕವಲ್ಲ, ನಿಜವಾಗಿಯೂ ಕೇಳುತ್ತಿದ್ದಳು.

ಎರಡು ತಿಂಗಳ ಕೆಲಸದಲ್ಲಿ ಒಂದು ಗೆರೆಯ ತುದಿ. ಅಷ್ಟನ್ನು ಅಳಿಸಲು ನನಗಾಗಲಿಲ್ಲ.

೨೨ ಜನವರಿ, ಬುಧವಾರ

ತೇರಗಾಂವಕ್ಕೆ ಹೋಗಿ ಬಂದೆವು. ನಾನೊಬ್ಬಳೇ ಹೋದರೆ ಜಗಳವಾದೀತು, ಗಂಡಸರಿಗೆ ಗಂಡಸರು ಹೇಳಿದರೆ ಕೇಳಿಯಾರು ಎನ್ನಿಸಿ ಮಲ್ಲೇಶ ಅವರನ್ನೇ ಕರೆದುಕೊಂಡು ಹೋದೆ. ಬೈಕಿನ ಮೇಲೆ ಹೋದೆವು. ಅತ್ತೆಯ ಹತ್ತಿರ ಪಕ್ಕದ ಮನೆಯವರು ಕೂತಿದ್ದರು.

ಇವರು ಹೊರಗೆ ಕಟ್ಟೆಯ ಮೇಲೆ ದ್ಯಾಮಪ್ಪ, ಬಾಳೇಶರ ಜೊತೆ ಕೂತರು. ನಾನು ಒಳಗೆ ಹೋದೆ. ಜ್ಯೋತಿ ಜೋಳ ಹಸನು ಮಾಡುತ್ತಿದ್ದಳು. ಕಣ್ಣಿನ ಕೆಳಗೆ ಹಸಿರುಗಟ್ಟಿತ್ತು.

"ನೀವು ಹೊರಗ ಕುಂಡ್ರೂದಿಲ್ಲೇನ್ರಿ ಅಕ್ಕಾರ?"

"ಗಂಡಸರು ಮಾತಾಡಾಕತ್ತಾರಲ್ಲ ಜ್ಯೋತಿ."

ಅವಳು ನನ್ನನ್ನು ಒಮ್ಮೆ ನೋಡಿ ಮತ್ತೆ ಮೊರಕ್ಕೆ ಬಾಗಿದಳು. ಹೊರಗಿನ ಮಾತು ಬಾಗಿಲ ಸಂದಿಯಿಂದ ಕೇಳುತ್ತಿತ್ತು. ಓಟ, ಪರೀಕ್ಷೆ, ಸರಕಾರಿ ಕೆಲಸ ಎಂದು ಇವರು ತಾಳ್ಮೆಯಿಂದ ಹೇಳಿದರು. ಬಾಳೇಶ ಹೇಳಿದ:

"ಸರ್, ನೀವು ಹೇಳಿದ್ರ ತಿಳೀತೈತಿ. ತಪ್ಪ ತಿಳಕೊಂಡಿದ್ನಿ, ಹೌದು. ಆದ್ರ ಕಾ‌ಡಿನಾಗ, ಹೊತ್ತಿಲ್ಲ ಗೊತ್ತಿಲ್ಲ, ಗಂಡಸರ ಜೋಡಿ ಗಸ್ತಿ ತಿರಗೂದು... ನಿಮ್ಮನಿಯವ್ರನ ನೀವು ಕಳಸ್ತೀರೇನು?"

ಅದಕ್ಕೆ ಇವರು, "ಹೊಡಿಯೂದೊಂದ ಮಾಡಬ್ಯಾಡ್ರಿ" ಎಂದರು. ಇನ್ನು ಹೊಡೆಯುವುದಿಲ್ಲ ಎಂದು ಬಾಳೇಶ ಮಾತು ಕೊಟ್ಟ. ದ್ಯಾಮಪ್ಪ ಚಹಾ ತರಿಸಿದ.

ಬರುವಾಗ ದಾರಿಯಲ್ಲಿ, "ಹುಡುಗ ಕೆಟ್ಟಾವ ಅಲ್ಲ" ಎಂದರು ಇವರು. ಅಲ್ಲ. ಮಾತಾಡಲು ಇವರಿಗೆ ಬಿಟ್ಟದ್ದು ಒಳ್ಳೆಯದೇ ಆಯಿತು.

ಜ್ಯೋತಿಯ ಹತ್ತಿರ ತಪ್ಪಾಯಿತು ಎಂದು ಹೇಳಬೇಕೆಂದೇ ಹೋದದ್ದು. ಚಹಾ ಬಂತು, ಮರೆತೆ.

೯ ಫೆಬ್ರವರಿ, ಭಾನುವಾರ

ಜೋಯಿಡಾ ಕಡೆಯ ಊರನ್ನೂ ಬಿಟ್ಟೆ. ಅಲ್ಲಿ ಕೊಂಕಣಿ ಬೇಕು, ಜೊತೆಗೆ ಯಾರಾದರೂ ಬೇಕು. ಕಾಲೇಜಿನಲ್ಲಿಯೂ ಈ ಅವಧಿಯ ತರಗತಿಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ. ಮನೆಯಲ್ಲೇ ಕೂತು ಇದ್ದ ಮಾಹಿತಿಯಿಂದ ಬರೆದರಾಯಿತು.

ಗೈಡ್ ಫೋನಿನಲ್ಲಿ, "ಸುನಂದಾ, ಏನಾಗೇತಿ ನಿಮಗ?" ಎಂದು ಕೇಳಿದರು. ಅತ್ತೆಗೆ ಆರಾಮಿಲ್ಲ ಎಂದೆ. "ಅದ ಗೊತ್ತೈತಿ. ನಿಮಗ ಏನಾಗೇತಿ?" ಎಂದರು. ಕುಕ್ಕರ್ ಕೂಗಿತು. ಆಮೇಲೆ ಮಾಡುತ್ತೇನೆ ಎಂದು ಇಟ್ಟೆ.

೨೬ ಫೆಬ್ರವರಿ, ಬುಧವಾರ

ಶಿವರಾತ್ರಿ. ಅತ್ತೆ ಕೂತುಕೊಂಡೇ ಲಿಂಗಪೂಜೆ ಮಾಡಿದರು. ಓಣಿಯವರೆಲ್ಲ ಗುಡಿಗೆ ಹೋದರು. ನಾನು ಹೋಗಲಿಲ್ಲ.

೬ ಮಾರ್ಚ್, ಗುರುವಾರ

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಜ್ಯೋತಿ. ಹೆಗಲಿಗೆ ಬಟ್ಟೆಯ ಚೀಲ, ಕಾಲಲ್ಲಿ ಹೊಸ ಬೂಟು. ಸೀರೆಯ ಕೆಳಗೆ ಬೂಟು ಬಹಳ ದೊಡ್ಡದಾಗಿ ಕಂಡಿತು. ಮನೆ ಹುಡುಕಿಕೊಂಡು ಬಸ್ ನಿಲ್ದಾಣದಿಂದ ನಡೆದೇ ಬಂದಿದ್ದಳು.

"ಓಟಕ್ಕ ಕರದಾರ್ರಿ ಅಕ್ಕಾರ. ನಾಳೆ ಬೆಳಕ ಹರಿಯೂದಕ್ಕ ಇಲ್ಲೇ ನಿಮ್ಮೂರ ಮೈದಾನದಾಗ. ಅಷ್ಟೊತ್ತಿಗೆ ನಮ್ಮೂರಿಂದ ಬಸ್ಸಿಲ್ಲ. ತವರಿಗೆ ಹೋಗ್ಯಾಳ ಅಂತ ಅತ್ತಿ ಮನ್ಯಾಗ ಹೇಳ್ಯಾಳ. ಒಂದ ರಾತ್ರಿ ಇರಲೇನ್ರಿ?"

ಚೀಲದಿಂದ ರೊಟ್ಟಿಯ ಗಂಟು, ಶೇಂಗಾ ಹಿಂಡಿ ತೆಗೆದು ಮೇಜಿನ ಮೇಲಿಟ್ಟಳು. "ಅತ್ತಿ ಕೊಟ್ಟಾಳ್ರಿ, ನಿಮಗ."

ನೀರು ಕೊಟ್ಟೆ. ಚಹಾಕ್ಕಿಟ್ಟೆ. ಚಹಾ ಕುದಿಯುವವರೆಗೆ ಯೋಚಿಸಿದೆ.

"ಅಭ್ಯಾಸ ಬಿಟ್ಟಿದ್ಯಲ್ಲ, ಓಡಾಕ ಆಗತೈತೇನು?"

"ಹಿತ್ತಲದಾಗ ನಿಂತಲ್ಲೇ ಓಡತೇನ್ರಿ. ಅತ್ತಿ ಬಾಗಲಾ ಕಾಯ್ತಾಳ."

"ಜ್ಯೋತಿ, ಇವರು ಎರಡ ಪಾಳಿ ಕೂಡಿಸಿ ಹೋಗ್ಯಾರ, ನಾಳೆ ಮುಂಜಾನೆ ಬರ್ತಾರ. ಇವರನ್ನ ಕೇಳದ ಹೆಂಗ ಇಟ್ಟುಕೊಳ್ಳಲಿ?"

"ಫೋನ್ ಹಚ್ಚಿ ಕೇಳ್ರಿ."

"ಗಿರಣಿ ಒಳಗ ಫೋನ್ ಎತ್ತೂದಿಲ್ಲ."

ಸಾಮಾನ್ಯವಾಗಿ ಎತ್ತುವುದಿಲ್ಲ. ಹಚ್ಚಿ ನೋಡಲಿಲ್ಲ.

"ನಾಳೆ ಬಾಳೇಶ ಬಂದು ಇಲ್ಲಿ ನಿಂತ ಒದರಿದ್ರ? ಅತ್ತಿಗೆ ಇನ್ನೂ ಆರಾಮಿಲ್ಲ. ಇವರು ಅವರ ಜೋಡಿ ಮಾತಾಡಿ ಬಗೀಹರಿಸಿ ಬಂದಾರ. ನೀನ ವಿಚಾರ ಮಾಡು."

ಅವಳು ಚಹಾ ಕುಡಿದಳು. ಬೇಡವೆಂದರೂ ಕಪ್ಪು ತೊಳೆದಿಟ್ಟಳು. ಒಳಗೆ ಹೋಗಿ ಅತ್ತೆಯ ಕಾಲಿಗೆ ನಮಸ್ಕರಿಸಿದಳು. ಹಳಿಯಾಳದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಹೇಳಿದೆ. ಗೇಟಿನವರೆಗೆ ಹೋದೆ. ಅಲ್ಲಿಂದಾಚೆ ಹಾಲು ಒಲೆಯ ಮೇಲಿದ್ದದ್ದು ನೆನಪಾಯಿತು.

ತಪ್ಪು ಮಾಡಿದೆನೆಂದು ಅನ್ನಿಸುತ್ತಿಲ್ಲ. ಇನ್ನೊಬ್ಬರ ಮನೆಯ ಸೊಸೆಯನ್ನು ಹೇಳದೆ ಕೇಳದೆ ಇಟ್ಟುಕೊಳ್ಳುವುದು ಆಗುವ ಮಾತಲ್ಲ.

೭ ಮಾರ್ಚ್, ಶುಕ್ರವಾರ

ನಸುಕಿಗೆ ಮೈದಾನದ ಕಡೆಯಿಂದ ಸೀಟಿ ಕೇಳಿಸಿತು. ಒಂದಾದ ಮೇಲೊಂದು. ಅತ್ತೆಗೂ ಎಚ್ಚರವಾಗಿತ್ತು.

"ಆ ಹುಡುಗಿನ್ನ ಯಾಕ ಕಳಿಸಿದಿ? ನನ್ನ ಬಾಜೂಕ ಮಲಗತಿದ್ಲು."

"ಇವರನ್ನ ಕೇಳಬೇಕಲ್ಲತ್ತಿ."

"ಯಾರನ್ನ? ಮಲ್ಲೇಶನ್ನ?" ಅತ್ತೆ ಮೊಣಕೈ ಊರಿ ಅರ್ಧ ಎದ್ದರು. "ಅವ ಯಾವಾಗ ಬ್ಯಾಡ ಅಂದಾನ?"

ಇವರು ಪಾಳಿಯಿಂದ ಬಂದ ಮೇಲೆ ಅತ್ತೆಯೇ ಹೇಳಿದರು. ಇವರು ಬೂಟು ಬಿಚ್ಚುತ್ತಿದ್ದವರು ನಿಂತರು. "ಇಟ್ಟುಕೋಬೇಕಿತ್ತಲ್ಲ ಸುನಂದಾ. ನಾ ಏನ ಅಂತಿದ್ದೆ?" ಎಂದರು. ಬೈದ ದನಿಯಲ್ಲ. ನನ್ನನ್ನು ಹೊಸಬಳ ಹಾಗೆ ನೋಡಿದರು.

ನಿದ್ದೆ ಇಲ್ಲದೆ ದಣಿದು ಬಂದವರು. ಬಿಸಿನೀರು ಕಾಯಿಸಿಕೊಟ್ಟೆ.

ಅವಳು ಹೇಗಾದರೂ ಬಂದಿದ್ದಾಳೇನೋ ಎಂದು ಮೈದಾನಕ್ಕೆ ಹೋಗಿ ನೋಡಬಹುದಿತ್ತು. ಹತ್ತಿರವೇ ಇದೆ. ಸೀಟಿ ನಿಲ್ಲುವವರೆಗೂ ಅಡುಗೆಮನೆಯಲ್ಲಿ ನಿಂತಿದ್ದೆ.

೧೧ ಮಾರ್ಚ್, ಮಂಗಳವಾರ

ಶಂಕ್ರವ್ವ ಯಾರದೋ ಫೋನಿನಿಂದ ಮಾತಾಡಿದಳು. ಜ್ಯೋತಿಯ ಫೋನು, ಇವಳ ಫೋನು ಎರಡನ್ನೂ ಕಸಿದುಕೊಂಡಿದ್ದಾರೆ.

"ಹಳಿಯಾಳದ ಸ್ಟ್ಯಾಂಡಿನಾಗ ಕೂತಿದ್ಲಂತ್ರಿ. ಕಡೀ ಬಸ್ಸಿಗೆ ಮನಿಗೆ ಬಂದ್ಲು. ತವರಿಗೆ ಹೋದಾಕಿ ಅವತ್ತ ಯಾಕ ಹೊಳ್ಳಿ ಬಂದ್ಲು ಅಂತ ಬಾಳೇಶ ಆಕಿ ಅಣ್ಣಗ ಫೋನ್ ಹಚ್ಚಿದಾ. ಬಂದಽ ಇಲ್ಲ ಅಂದ ಅವ. ಒಂದ ರಾತ್ರಿ ಎಲ್ಲೆರ ಇದ್ದು, ಓಡಿ, ಪಾಸಾಗಿ ಬಂದಿದ್ರ ಆ ಮಾತಽ ಬ್ಯಾರೆ ಇತ್ತು. ಸರಕಾರಿ ಕಾಗದಾ ಕೈಯಾಗ ಇದ್ದಿದ್ರ ಆಕಿ ಮಾವನೂ ಸುಮ್ನಾಗತಿದ್ದ."

"ಈಗ ಹೆಂಗದಾಳ್ರಿ?"

"ಅದಾಳ. ಯಾರೂ ಏನೂ ಅನ್ನೂದಿಲ್ಲ ಈಗ. ಆಕೀನೂ ಏನೂ ಅನ್ನೂದಿಲ್ಲ. ಬೂಟ ಒಲಿಗೆ ಹಾಕಿದ್ಲು. ರಬ್ಬರ ನೋಡ್ರಿ, ಮನಿ ತುಂಬ ಹೊಗಿ."

ನಾನು ಅಳುತ್ತಿದ್ದೇನೆಂದು ಅವಳಿಗೆ ತಿಳಿಯಿತು.

"ನೀವ್ಯಾಕ ಅಳತೀರಿ ಮೇಡಂ. ನಿಮ್ಮ ಮ್ಯಾಲ ಸಿಟ್ಟಿಲ್ಲ. ನಿಮ್ಮನ್ಯಾಗೂ ಗಂಡಸರು ಅದಾರ, ಅವರೂ ಬ್ಯಾಡ ಅಂದಿರತಾರ. ನನಗ ತಿಳಿಯೂದಿಲ್ಲೇನು?"

ನಾನು, "ಹೌದ್ರಿ" ಎಂದೆ.

೨ ಏಪ್ರಿಲ್, ಬುಧವಾರ

ಯುಗಾದಿ ಮುಗಿಯಿತು. ಅತ್ತೆ ಇಂದು ಕೋಲು ಹಿಡಿದು, ಯಾರ ಆಸರೆಯೂ ಇಲ್ಲದೆ ಅಂಗಳಕ್ಕೆ ಇಳಿದರು. ಡಾಕ್ಟರಿಗೇ ಆಶ್ಚರ್ಯ, ಈ ವಯಸ್ಸಿಗೆ ಇಷ್ಟು ಬೇಗ. "ನಾ ಇನ್ನ ನನ್ನಷ್ಟಕ ಮಾಡಿಕೊಳ್ತೇನಿ. ನೀ ನಿನ್ನ ಕೆಲಸಾ ಹಿಡಿ" ಎಂದರು. ಇವರೂ ಅದನ್ನೇ ಹೇಳುತ್ತಾರೆ. ದಿನಾ ಹೇಳುತ್ತಾರೆ.

ಬಿಸಿಲು ಬಹಳ. ಮಳೆ ಬಿದ್ದ ಮೇಲೆ ನೋಡೋಣ ಎಂದೆ. ಮಳೆಗಾಲದಲ್ಲಿ ಆ ಕಡೆಯ ರಸ್ತೆ ಕೆಡುತ್ತದೆ, ಅದೂ ಖರೆ.

ಸಂಜೆ ತಂಪಾದ ಮೇಲೆ ಅತ್ತೆ ಗೇಟಿನ ಹತ್ತಿರ ನಿಂತು ಕರೆದರು. "ಬಾರವ್ವಾ, ಮೂಲಿ ತನಕ ಹೋಗಿ ಬರೂಣು. ಗಾಳಿ ಚೊಲೋ ಐತಿ."

ಬರ್ತೇನಿ ಎಂದೆ, ಕಿಟಕಿಯಿಂದಲೇ. ಅವರು ಕೋಲಿನ ಮೇಲೆ ಭಾರ ಹಾಕಿ ಸ್ವಲ್ಪ ಹೊತ್ತು ಕಾದರು. ಆಮೇಲೆ ಗೇಟಿನ ಚಿಲಕ ತಾವೇ ತೆಗೆದು ಒಬ್ಬರೇ ಹೋದರು. ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತದೆ. ಮೂಲೆ ದಾಟಿದ ಮೇಲೆ ಇಲ್ಲಿಂದ ಕಾಣುವುದಿಲ್ಲ.